ಅಳಿಸಿದರೂ ಮರಳದ ಜಾಗ

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಲಿನಕ್ಸ್ ಸರ್ವರನ್ನು ಬೆಂಗಳೂರಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ನೋಡಿಕೊಳ್ಳುತ್ತಿದ್ದೇನೆ. ಡಿಸ್ಕ್ ತುಂಬಿದೆ ಎಂಬ ಸಂದೇಶ ಬಂದಾಗ ಪ್ರೋಗ್ರಾಂಗಳು ತಮ್ಮ ಚಟುವಟಿಕೆಯನ್ನು ಬರೆದಿಡುವ ದೊಡ್ಡದೊಂದು ಲಾಗ್ ಕಡತವನ್ನು ಅಳಿಸಿದೆ. ಆದರೂ ಜಾಗ ತೆರವಾಗಲಿಲ್ಲ. ಕಾರಣವೇನು?

ಉತ್ತರ: ಕಡತವನ್ನು ಅಳಿಸಿದಾಗ ಮೊದಲು ಹೋಗುವುದು ಅದರ ಹೆಸರು ಮಾತ್ರ, ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿರುವವರೆಗೆ ಲಿನಕ್ಸ್ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದಲೇ ಡಿಸ್ಕಿನ ಒಟ್ಟು ಬಳಕೆ ತಿಳಿಸುವ ‘ಡಿಎಫ್’ (df) ಆದೇಶವು ಶೇ. 100 ತುಂಬಿದೆ ಎಂದು ತೋರಿಸುತ್ತಿದ್ದರೂ, ಹೆಸರಿರುವ ಕಡತಗಳನ್ನಷ್ಟೇ ಕೂಡಿಸುವ ‘ಡಿಯು’ (du) ಅದಕ್ಕಿಂತ ಬಹಳ ಕಡಿಮೆ ಲೆಕ್ಕ ಕೊಡುತ್ತದೆ. ‘ಎಲ್‌ಎಸ್‌ಒಎಫ್’ ಆದೇಶವನ್ನು ‘+ಎಲ್1’ ಆಯ್ಕೆಯೊಂದಿಗೆ (lsof +L1) ರೂಟ್, ಅಂದರೆ ಯಂತ್ರದ ಪೂರ್ಣ ನಿರ್ವಾಹಕ, ಅಧಿಕಾರದಲ್ಲಿ ನೀಡಿದರೆ, ಹೆಸರು ಅಳಿದರೂ ತೆರೆದೇ ಇರುವ ಕಡತಗಳೂ ಅವುಗಳನ್ನು ಹಿಡಿದಿರುವ ಪ್ರೋಗ್ರಾಂಗಳೂ ಸಾಲಾಗಿ ಕಾಣುತ್ತವೆ. ಅಳಿಸಿದ ಲಾಗನ್ನು ಹಿಡಿದಿರುವ ಆ ಪ್ರೋಗ್ರಾಂ ಅನ್ನಷ್ಟೇ ಮರುಪ್ರಾರಂಭಿಸಿ, ಜಾಗ ತೆರವಾಗುತ್ತದೆ. ಇಡೀ ಯಂತ್ರವನ್ನು ರೀಬೂಟ್ ಮಾಡುವ ಆತುರ ದಯವಿಟ್ಟು ಬೇಡ, ಅದು ಮತ್ತೆ ಏಳದಿದ್ದರೆ ಗುಂಡಿ ಒತ್ತಲು ನೀವು ಅಲ್ಲಿರುವುದಿಲ್ಲ. ಇನ್ನು ಮುಂದೆ ಬಳಕೆಯಲ್ಲಿರುವ ಲಾಗನ್ನು ಅಳಿಸುವ ಬದಲು ‘ಟ್ರಂಕೇಟ್’ (truncate) ಆದೇಶದಿಂದ ಅದರ ಗಾತ್ರವನ್ನು ಸೊನ್ನೆಗಿಳಿಸಿ. ನಿತ್ಯದ ನಿರ್ವಹಣೆಗೆ, ಹಳೆಯ ಲಾಗ್‌ಗಳನ್ನು ತಾನಾಗಿ ಬದಿಗಿರಿಸಿ ಅಳಿಸುವ ‘ಲಾಗ್‌ರೊಟೇಟ್’ (logrotate) ಇದೆ. ಎಸ್‌ಎಸ್‌ಎಚ್ ಅಥವಾ ಫೈರ್‌ವಾಲ್‌ನ (ಯಾವ ಸಂಪರ್ಕವನ್ನು ಒಳಬಿಡಬೇಕೆಂದು ನಿರ್ಧರಿಸುವ ತಡೆ) ಸೆಟ್ಟಿಂಗ್‌ಗಳನ್ನು ಬದಲಿಸುವಾಗಲಂತೂ, ತಪ್ಪಾದರೆ ನೀವೇ ಹೊರಗುಳಿಯದಂತೆ, ಈಗಿರುವ ಸಂಪರ್ಕವನ್ನು ಮುಚ್ಚದೆ, ಎರಡನೆಯ ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.