ಕ್ಲಾಸ್ ಅರ್ಥವಾಗುತ್ತದೆ, ಬರೆಯಲು ಕೂತರೆ ಕೈ ಓಡುವುದಿಲ್ಲ

(ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಬಂದವರು ಮೂವತ್ತು ದಾಟಿದ ಮಹಿಳೆ. ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಪ್ರೋಗ್ರಾಮಿಂಗ್ ಕಲಿತು ಬೇರೆ ಕೆಲಸ ಹಿಡಿಯಬೇಕು ಎಂಬ ಆಸೆ. ತೊಡಕು ಕ್ಲಾಸ್‌ನಲ್ಲಿ: ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸ್ ಅಂದರೆ ಒಂದು ಬಗೆಯ ವಸ್ತುವಿನ ಮಾಹಿತಿಯನ್ನೂ ಅದು ಮಾಡುವ ಕೆಲಸಗಳನ್ನೂ ಒಟ್ಟಿಗೆ ಬರೆದಿಡುವ ಅಚ್ಚು. ಮೊದಲ ಭೇಟಿಯಲ್ಲಿ ಅವರು ಕುರ್ಚಿಯ ತುದಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿದ್ದು ಇದು: "ಮೇಡಂ, ವಿಡಿಯೊ ನೋಡುವಾಗ ಎಲ್ಲಾ ಅರ್ಥ ಆಗುತ್ತೆ. ಖಾಲಿ ಫೈಲ್ ತೆರೆದು ಕೂತರೆ ಒಂದು ಸಾಲೂ ಹುಟ್ಟಲ್ಲ. ವಯಸ್ಸು ಜಾಸ್ತಿ ಆಯ್ತು ಅಲ್ವಾ?"

ಕಲಿತ ದಾರಿಯನ್ನು ವಿವರವಾಗಿ ಹೇಳಿ ಎಂದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಶುರು ಮಾಡಿದ್ದರು. ಮೊದಲ ದಿನವೇ ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್ ಎಂಬ ಪದಗಳು ಎದುರಾದವು. "ಇವು ಆಮೇಲೆ ಅರ್ಥವಾಗುತ್ತವೆ, ಈಗ ಸುಮ್ನೆ ಬರೆಯಿರಿ" ಎಂದು ಹೇಳಿಕೊಟ್ಟರಂತೆ. ಹೆದರಿ ಪೈಥಾನ್‌ಗೆ ಬಂದರು. ಸಿ ಪ್ಲಸ್ ಪ್ಲಸ್ ಬರದಿದ್ದರೆ ಬುನಾದಿಯೇ ಇಲ್ಲ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೂ ಹೋದರು. ಎಲ್ಲ ಕಡೆಯೂ ಇನ್‌ಹೆರಿಟೆನ್ಸ್ (ಇರುವ ಒಂದು ಕ್ಲಾಸಿನ ಮೇಲೆ ಇನ್ನೊಂದು ಕ್ಲಾಸ್ ಕಟ್ಟುವುದು) ಪಾಠದ ಹತ್ತಿರ ಬಂದು ನಿಂತುಬಿಟ್ಟಿದ್ದರು. ಎನ್‌ಕ್ಯಾಪ್ಸುಲೇಶನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ, ಅಬ್‌ಸ್ಟ್ರಾಕ್ಷನ್ ನಾಲ್ಕಕ್ಕೂ ವ್ಯಾಖ್ಯೆ ಬಾಯಿಪಾಠ. ಕ್ಲಾಸ್ ಅಂದರೆ ಮನೆಯ ನಕ್ಷೆ, ಆಬ್ಜೆಕ್ಟ್ ಅಂದರೆ ಕಟ್ಟಿದ ಮನೆ ಎಂಬ ಹೋಲಿಕೆಯೂ ಗೊತ್ತು. ಆದರೆ ಕ್ಲಾಸ್ ಯಾಕೆ ಬೇಕು ಎಂದು ಕೇಳಿದರೆ ಉತ್ತರ ಇರಲಿಲ್ಲ.

ತೊಡಕು ಅವರ ಬುದ್ಧಿಯದ್ದೂ ಅಲ್ಲ, ವಯಸ್ಸಿನದ್ದೂ ಅಲ್ಲ. ಅದನ್ನು ಆ ದಿನವೇ ಅವರಿಗೆ ಸ್ಪಷ್ಟವಾಗಿ ಹೇಳಿದೆ. ಬೇರೊಬ್ಬರು ಬರೆದದ್ದನ್ನು ನೋಡಿ ಗುರುತು ಹಿಡಿಯುವುದು ಒಂದು ಕೆಲಸ, ಏನೂ ನೋಡದೆ ನೆನಪಿನಿಂದ ಬರೆಯುವುದು ಬೇರೆಯೇ ಕೆಲಸ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು. ಕೆಲವರು ಓದಿದ ಮೇಲೆ ನೆನಪಿನಿಂದ ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಇವರು ಇಷ್ಟು ದಿನ ಮಾಡಿದ್ದೆಲ್ಲ ಮತ್ತೆ ಓದುವ ಕೆಲಸವೇ. ಖಾಲಿ ಫೈಲ್ ಮುಂದೆ ಕೈ ಓಡದೇ ಇರುವುದು ಸಹಜ.

ಇನ್ನೊಂದು ಕಾರಣ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಕ್ಲಾಸ್ ಯಾವ ತೊಂದರೆಯನ್ನು ಬಗೆಹರಿಸಲು ಹುಟ್ಟಿತೋ ಆ ತೊಂದರೆಯನ್ನು ಅವರು ಒಮ್ಮೆಯೂ ಅನುಭವಿಸಿರಲಿಲ್ಲ. ಇದರ ಇತಿಹಾಸವನ್ನು ಸ್ವಲ್ಪ ಹೇಳಿದೆ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ನಿಜ ಜೀವನದ ವ್ಯವಸ್ಥೆಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ನೋಡಲು ಹೊರಟಿದ್ದರು. ಅಲ್ಲಿ ನೂರಾರು ವಸ್ತುಗಳು, ಪ್ರತಿಯೊಂದಕ್ಕೂ ತನ್ನದೇ ಸ್ಥಿತಿ, ತನ್ನದೇ ನಡವಳಿಕೆ. ಅದನ್ನು ನಿಭಾಯಿಸಲು ಸಿಮುಲಾ 67 ಭಾಷೆಗೆ ಕ್ಲಾಸ್ ಬಂತು. ಮುಂದೆ ಡೆನ್ಮಾರ್ಕ್‌ನ ಕಂಪ್ಯೂಟರ್ ವಿಜ್ಞಾನಿ ಸ್ಟ್ರೌಸ್ಟ್ರಪ್ ಸಿಮುಲಾ ಬಳಸಿದರು. ಅದರ ಕ್ಲಾಸ್ ಇಷ್ಟವಾಯಿತು, ನಿಧಾನ ಇಷ್ಟವಾಗಲಿಲ್ಲ. 1979ರಲ್ಲಿ ಸಿ ಭಾಷೆಗೇ ಕ್ಲಾಸ್ ಸೇರಿಸಲು ಹೊರಟರು. ಅದೇ ಸಿ ಪ್ಲಸ್ ಪ್ಲಸ್ ಆಯಿತು. ಎಲ್ಲ ಕಡೆಯೂ ಮೊದಲು ಬಂದದ್ದು ಕಷ್ಟ, ಆಮೇಲೆ ಪರಿಹಾರ. ಕಲಿಯುವವರಿಗೆ ಮಾತ್ರ ನಾವು ಪರಿಹಾರವನ್ನು ಮೊದಲು ಕೊಡುತ್ತೇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾಗಿ ಕೊಟ್ಟ ಮೊದಲ ಸಲಹೆ: ಪೈಥಾನ್ ಒಂದನ್ನೇ ಹಿಡಿಯಿರಿ, ಮತ್ತು ನಾನು ಹೇಳುವ ತನಕ ಕ್ಲಾಸ್ ಬರೆಯಲೇಬೇಡಿ. ಪೈಥಾನ್ ಯಾಕೆ ಎಂದರೆ ಅದು ಎಲ್ಲರಿಗೂ ಉತ್ತಮ ಎಂದೇನಲ್ಲ. ಅದರಲ್ಲಿ ಕ್ಲಾಸ್ ಇಲ್ಲದೆಯೂ ಬೇಕಾದಷ್ಟು ದೂರ ಹೋಗಬಹುದು. ಜಾವಾದಲ್ಲಿ ಮೊದಲಿನಿಂದಲೂ ಒಂದು ಸಾಲು ಮುದ್ರಿಸಲೂ ಕ್ಲಾಸ್ ಬೇಕಿತ್ತು. 2025ರಲ್ಲಿ ಬಂದ ಜಾವಾ 25ರಲ್ಲಿ ಈ ಕಟ್ಟು ಸಡಿಲವಾಗಿದೆ, ಆದರೆ ಹಳೆಯ ಪಾಠಗಳೆಲ್ಲ ಇನ್ನೂ ಹಳೆಯ ರೀತಿಯಲ್ಲೇ ಇವೆ.

ಏನು ಬರೆಯಬೇಕು? ಪಾಠಗಳಲ್ಲಿ ಬರುವ ಪ್ರಾಣಿ, ನಾಯಿ, ಬೆಕ್ಕಿನ ಉದಾಹರಣೆ ಬೇಡ ಎಂದೆ. ನಿಮಗೆ ನಿಜವಾಗಿ ಬೇಕಾದದ್ದು ಏನಾದರೂ ಇದೆಯೇ? ಸ್ವಲ್ಪ ಯೋಚಿಸಿ, ಗೆಳತಿಯರಿಗೆ ಓದಲು ಕೊಟ್ಟ ಪುಸ್ತಕಗಳ ಲೆಕ್ಕ ಸಿಗುವುದಿಲ್ಲ ಎಂದರು. ಅದನ್ನೇ ಎತ್ತಿಕೊಂಡೆವು.

ಅವರು ಮೂರು ಲಿಸ್ಟ್ ಮಾಡಿದರು. ಒಂದರಲ್ಲಿ ಪುಸ್ತಕದ ಹೆಸರು, ಇನ್ನೊಂದರಲ್ಲಿ ಯಾರ ಬಳಿ ಇದೆ, ಮತ್ತೊಂದರಲ್ಲಿ ಕೊಟ್ಟ ದಿನಾಂಕ, ಮೂರರಲ್ಲೂ ಒಂದೇ ಕ್ರಮದಲ್ಲಿ. ಚೆನ್ನಾಗಿಯೇ ಓಡಿತು. ಒಂದು ದಿನ ಕಳೆದುಹೋದ ಪುಸ್ತಕವನ್ನು ಹೆಸರಿನ ಲಿಸ್ಟಿನಿಂದ ತೆಗೆದರು, ಉಳಿದೆರಡರಿಂದ ತೆಗೆಯಲು ಮರೆತರು. ಅಲ್ಲಿಂದ ಮುಂದಿನ ಪ್ರತಿ ಪುಸ್ತಕವೂ ತಪ್ಪು ಗೆಳತಿಯ ಹೆಸರಿನಲ್ಲಿ ಕಾಣಿಸತೊಡಗಿತು. ಎರರ್ ಬರಲೇ ಇಲ್ಲ, ಉತ್ತರ ಮಾತ್ರ ತಪ್ಪು. ಬಂದವರೇ ಕೇಳಿದರು: "ಒಂದು ಪುಸ್ತಕಕ್ಕೆ ಸೇರಿದ ಮೂರೂ ವಿಷಯ ಒಟ್ಟಿಗೆ ಇರುವ ಹಾಗೆ ಮಾಡಕ್ಕೆ ಆಗಲ್ವಾ?"

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಆ ದಿನ ಕ್ಲಾಸ್ ಬರೆದೆವು. ಹೆಸರು, ಯಾರ ಬಳಿ, ದಿನಾಂಕ ಮೂರೂ ಒಂದೇ ಆಬ್ಜೆಕ್ಟ್ ಒಳಗೆ. ಜೊತೆಗೆ 'ಕೊಡು', 'ವಾಪಸ್ ಪಡೆ' ಎಂಬ ಎರಡು ಮೆಥಡ್, ಅಂದರೆ ಆ ಆಬ್ಜೆಕ್ಟ್ ಮಾಡಬಲ್ಲ ಕೆಲಸಗಳು. ಈಗಾಗಲೇ ಕೊಟ್ಟ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡಲು ಹೋದರೆ ತಡೆಯುವ ಒಂದು ಸಾಲನ್ನು 'ಕೊಡು' ಒಳಗೇ ಇಟ್ಟರು. ಇದೇ ಎನ್‌ಕ್ಯಾಪ್ಸುಲೇಶನ್ ಎಂದಾಗ ಒಂದು ಕ್ಷಣ ನಂಬಲಿಲ್ಲ. ಸೆಲ್ಫ್ ಎಂಬ ಪದ ಅವರನ್ನು ಬಹಳ ಕಾಡಿತ್ತು. ಈಗ ಯಾವ ಪುಸ್ತಕದ ಕೆಲಸ ನಡೆಯುತ್ತಿದೆ ಎಂದು ಮೆಥಡ್‌ಗೆ ತಿಳಿಯಬೇಕಲ್ಲ, ಅದಕ್ಕಾಗಿ ಪೈಥಾನ್ ಆ ಪುಸ್ತಕವನ್ನೇ ಮೊದಲ ಜಾಗದಲ್ಲಿ ಕಳಿಸುತ್ತದೆ. ಸೆಲ್ಫ್ ಅಂದರೆ ಅಷ್ಟೇ.

ಮುಂದಿನ ಪೆಟ್ಟು ಇನ್ನೂ ಒಳ್ಳೆಯ ಪಾಠ ಕಲಿಸಿತು. ಓದುಗರಿಗೆ ಒಂದು ಕ್ಲಾಸ್ ಮಾಡಿ, ಅವರ ಬಳಿ ಇರುವ ಪುಸ್ತಕಗಳಿಗೆ ಖಾಲಿ ಲಿಸ್ಟ್ ಒಂದನ್ನು ನೇರವಾಗಿ ಕ್ಲಾಸ್ ಕೆಳಗೇ ಬರೆದಿದ್ದರು. ಒಬ್ಬ ಗೆಳತಿಗೆ ಪುಸ್ತಕ ಸೇರಿಸಿದರೆ ಎಲ್ಲರ ಲಿಸ್ಟಿನಲ್ಲೂ ಅದು ಕಾಣಿಸಿತು. ಎರಡು ದಿನ ತಲೆ ಕೆಡಿಸಿಕೊಂಡು ಬಂದರು. ಕಾಗದ, ಪೆನ್ನು ಕೊಟ್ಟೆ. ಪ್ರತಿ ಓದುಗರಿಗೆ ಒಂದು ಚೌಕ ಹಾಕಿ, ಲಿಸ್ಟಿಗೆ ಒಂದು ಚೌಕ ಹಾಕಿ, ಯಾವುದು ಯಾವುದನ್ನು ತೋರಿಸುತ್ತದೆ ಎಂದು ಬಾಣ ಎಳೆಯಿರಿ ಎಂದೆ. ಎಲ್ಲ ಬಾಣವೂ ಒಂದೇ ಲಿಸ್ಟಿಗೆ ಹೋಯಿತು. ಆ ಲಿಸ್ಟ್ ಕ್ಲಾಸಿಗೆ ಸೇರಿದ್ದು, ಓದುಗರಿಗಲ್ಲ. ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್ ಮೆಥಡ್ ಒಳಗೆ ಅದನ್ನು ಬರೆದ ಕೂಡಲೇ ಸರಿಹೋಯಿತು. ಕ್ಲಾಸ್ ಬೇರೆ, ಆಬ್ಜೆಕ್ಟ್ ಬೇರೆ ಎಂಬುದು ಅವರಿಗೆ ಮನದಟ್ಟಾದದ್ದು ಅಂದೇ. ನಕ್ಷೆ-ಮನೆಯ ಹೋಲಿಕೆಯಿಂದ ಅದು ಆಗಿರಲಿಲ್ಲ.

ದಿನದ ಅಭ್ಯಾಸಕ್ಕೆ ಹೇಳಿದ್ದು ಕಡಿಮೆ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಮೊದಲು ನಿನ್ನೆ ಬರೆದ ಒಂದು ಮೆಥಡ್ ಅನ್ನು ನೋಡದೆ ಮತ್ತೆ ಬರೆಯಬೇಕು. ರನ್ ಮಾಡುವ ಮುಂಚೆ ಏನು ಮುದ್ರಣವಾಗುತ್ತದೆ ಎಂದು ಕಾಗದದ ಮೇಲೆ ಊಹಿಸಬೇಕು. ಊಹೆ ತಪ್ಪಿದ ಕಡೆಯೇ ಆ ದಿನದ ಪಾಠ. ಎರರ್ ಬಂದರೆ ಪೈಥಾನ್‌ನಲ್ಲಿ ಕೊನೆಯ ಸಾಲನ್ನು ಮೊದಲು ಓದಬೇಕು, ಏನಾಯಿತು ಎಂಬುದು ಅಲ್ಲಿರುತ್ತದೆ. ಎಐ ಕೇಳಬಹುದಾ ಎಂದರು. ಕೇಳಿ, ಆದರೆ ನಿಮ್ಮ ಪ್ರಯತ್ನ ಮುಗಿದ ಮೇಲೆ. "ಬರೆದುಕೊಡು" ಎನ್ನಬೇಡಿ, "ನನ್ನದು ಯಾಕೆ ಓಡುತ್ತಿಲ್ಲ" ಎನ್ನಿ. ಬರೆಸಿಕೊಂಡರೆ ಮತ್ತೆ ವಿಡಿಯೊ ನೋಡಿದ ಸ್ಥಿತಿಯೇ.

ಇನ್‌ಹೆರಿಟೆನ್ಸ್ ವಿಷಯದಲ್ಲಿ ಅವರನ್ನು ಸ್ವಲ್ಪ ತಡೆಯಬೇಕಾಯಿತು. ಪುಸ್ತಕ ಎಂಬ ಕ್ಲಾಸಿನ ಕೆಳಗೆ ಕಾದಂಬರಿ, ಕವನ, ಪ್ರಬಂಧ ಎಂದು ಮರ ಬೆಳೆಸಲು ಹೊರಟಿದ್ದರು. ಕಾದಂಬರಿಯನ್ನು ಕೊಡುವುದಕ್ಕೂ ಕವನ ಸಂಕಲನ ಕೊಡುವುದಕ್ಕೂ ಏನಾದರೂ ವ್ಯತ್ಯಾಸ ಇದೆಯೇ ಎಂದು ಕೇಳಿದೆ. ಇಲ್ಲ. ಹಾಗಾದರೆ 'ಬಗೆ' ಎಂಬ ಒಂದು ಹೆಸರು ಸಾಕು. ಕೆಲವು ವಾರದ ನಂತರ ಆಡಿಯೊ ಪುಸ್ತಕ ಸೇರಿಸಬೇಕು ಎಂದರು. ಅದನ್ನು ಒಂದೇ ಸಲ ಹಲವರು ಕೇಳಬಹುದು, ಹಾಗಾಗಿ ಅದರ 'ಕೊಡು' ಬೇರೆ ರೀತಿ ನಡೆಯಬೇಕು. ಈಗ ಬೇರೆ ಕ್ಲಾಸಿಗೆ ಕಾರಣ ಸಿಕ್ಕಿತು. ಎರಡಕ್ಕೂ 'ಕೊಡು' ಎಂದೇ ಹೇಳುತ್ತೇವೆ, ಪ್ರತಿಯೊಂದೂ ತನ್ನ ರೀತಿಯಲ್ಲಿ ಮಾಡುತ್ತದೆ. ಪಾಲಿಮಾರ್ಫಿಸಂ ಎಂದು ಬಾಯಿಪಾಠ ಮಾಡಿದ್ದು ಇದನ್ನೇ.

ವಯಸ್ಸಿನ ಮಾತನ್ನು ಅವರು ಮತ್ತೆ ಎತ್ತಿದ್ದು ಒಮ್ಮೆ ಮಾತ್ರ, ತನಗಿಂತ ಚಿಕ್ಕವರು ಬೇಗ ಬರೆಯುವುದನ್ನು ನೋಡಿ ಕುಗ್ಗಿದಾಗ. ಸಮಾಧಾನದ ಮಾತಿಗಿಂತ ಅವರದ್ದೇ ನೋಟ್‌ಬುಕ್ ತೆರೆಸಿದೆ. ಸಿಕ್ಕಿಬಿದ್ದ ಪ್ರತಿ ತಪ್ಪನ್ನೂ "ಅಂದುಕೊಂಡದ್ದು, ಆದದ್ದು, ಕಾರಣ" ಎಂದು ಬರೆದಿಡಲು ಹೇಳಿದ್ದೆ. ಮೊದಲ ಪುಟಗಳಲ್ಲಿ ಕಾರಣದ ಜಾಗ ಖಾಲಿ. ಕಳೆದ ವಾರದ ಪುಟಗಳಲ್ಲಿ ಎಲ್ಲ ಕಾರಣವೂ ಅವರ ಕೈಬರಹದಲ್ಲೇ ಇತ್ತು. ಅವರೇ ಓದಿ ನೋಡಿದರು. ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಈಗ ಜಾವಾಕ್ಕೆ ಮರಳುವುದು ಯಾವಾಗ ಎಂದು ಕೇಳಿದ್ದಾರೆ. ಇದೇ ಪುಸ್ತಕದ ಪ್ರೋಗ್ರಾಂ ಅನ್ನು ಜಾವಾದಲ್ಲಿ ಬರೆಯಿರಿ, ಹೊಸದೇನೂ ಯೋಚಿಸಬೇಡಿ ಎಂದಿದ್ದೇನೆ. ಹೀಗೆ ಮಾಡಿದರೆ ವಿಚಾರ ಹಳೆಯದು, ಬರೆಯುವ ರೀತಿ ಮಾತ್ರ ಹೊಸದು. ಒಂದು ಎಚ್ಚರಿಕೆಯನ್ನು ಮೊದಲೇ ಕೊಟ್ಟೆ: ಜಾವಾದಲ್ಲಿ ಎರಡು ಹೆಸರುಗಳನ್ನು ಜೋಡಿ ಸಮ ಚಿಹ್ನೆಯಿಂದ (==) ಹೋಲಿಸಿದರೆ ಅಕ್ಷರ ಒಂದೇ ಇದ್ದರೂ ಬೇರೆ ಬೇರೆ ಎಂಬ ಉತ್ತರ ಬರಬಹುದು. ಆ ಚಿಹ್ನೆ ನೋಡುವುದು ಎರಡೂ ಒಂದೇ ಆಬ್ಜೆಕ್ಟೇ ಎಂಬುದನ್ನು. ಅಕ್ಷರಗಳನ್ನು ಹೋಲಿಸಲು ಈಕ್ವಲ್ಸ್ ಮೆಥಡ್ ಬೇಕು. ಯಾಕೆ ಹೀಗೆ ಎಂದು ಚೌಕ, ಬಾಣ ಹಾಕಿಕೊಂಡು ಬರಲು ಹೇಳಿದ್ದೇನೆ. ಮುಂದಿನ ಭೇಟಿ ಅಲ್ಲಿಂದ ಶುರುವಾಗುತ್ತದೆ.