ಏರು ರಸ್ತೆಯ ಸದ್ದಿಗೆ ಸಿಲ್ವರ್ ಓಕ್ ತಡೆಯಾದೀತೆ?

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮ ಮನೆ ಏರು ರಸ್ತೆಯ ಮಗ್ಗುಲಲ್ಲಿದೆ. ವಾರಾಂತ್ಯ ಬಂತೆಂದರೆ ಸೈಲೆನ್ಸರ್ ಬದಲಾಯಿಸಿಕೊಂಡ ಪ್ರವಾಸಿಗರ ಬೈಕುಗಳು ನಡುರಾತ್ರಿಯವರೆಗೂ ಅಬ್ಬರಿಸುತ್ತವೆ; ಹಾಸಿಗೆ ಹಿಡಿದಿರುವ ಅತ್ತೆಯವರಿಗೆ ನಿದ್ರೆಯೇ ಇಲ್ಲ. ಬೇಲಿಯುದ್ದಕ್ಕೂ ಸಿಲ್ವರ್ ಓಕ್ ನೆಟ್ಟರೆ ಸದ್ದು ತಗ್ಗೀತೆ? ಕಾನೂನಿನಲ್ಲಿ ಏನಾದರೂ ದಾರಿಯಿದೆಯೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಸಿಲ್ವರ್ ಓಕ್ ನೆಡುವ ಯೋಚನೆಯನ್ನು ಬಿಡಿ. ತೋಟದಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸಲು ಅದು ಒಳ್ಳೆಯ ಮರವೇ ಹೌದು; ಆದರೆ ಅದರ ನೀಳ ಕಾಂಡಗಳ ನಡುವಿನಿಂದ ಸದ್ದು ಸಲೀಸಾಗಿ ನುಸುಳುತ್ತದೆ. ಯಾವ ಜಾತಿಯದಾದರೂ ಒಂದೇ ಸಾಲು ಗಿಡ ವಾಹನವನ್ನು ಕಣ್ಣಿಗೆ ಮರೆಮಾಡೀತೇ ಹೊರತು ಕಿವಿಗಲ್ಲ. ರಸ್ತೆ ಕಾಣದಷ್ಟು ಎತ್ತರದ, ಸಂದಿಯಿಲ್ಲದ ಗೋಡೆಯಿಂದ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಅದಕ್ಕಿಂತ ಮೊದಲು ಅತ್ತೆಯವರ ಮಂಚವನ್ನು ಮನೆಯ ಹಿಂಬದಿಯ ಕೋಣೆಗೆ ಸಾಗಿಸಿ, ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ ಅಂಟಿಸಿ. ಹೆಂಚಿನ ಮನೆಯಾದರೆ ಮೇಲಿನಿಂದಲೂ ಸದ್ದು ಇಳಿಯುತ್ತದೆ ಎಂಬುದು ನೆನಪಿರಲಿ.

ಏರಿನಲ್ಲಿ ಕೆಳ ಗೇರಿಗೆ ಇಳಿದಾಗ ಎಂಜಿನ್ ಹೆಚ್ಚು ವೇಗವಾಗಿ ತಿರುಗುತ್ತದೆ. ಅದರ ಪ್ರತಿಯೊಂದು ಸಿಡಿತದ ಒತ್ತಡವೂ ಸೈಲೆನ್ಸರಿನ ಒಳಕೋಣೆಗಳಲ್ಲಿ ಬಡಿದು, ಮರಳಿ, ತನ್ನಲ್ಲೇ ಕುಗ್ಗಬೇಕು. ಆ ಒಳತಡೆಗಳನ್ನೇ ಕಿತ್ತುಹಾಕಿದರೆ ಸಿಡಿತ ನೇರವಾಗಿ ಬೀದಿಗೆ ಬರುತ್ತದೆ. ಇದಲ್ಲದೆ, ಮೋಡವಿಲ್ಲದ ಚಳಿಯ ರಾತ್ರಿಗಳಲ್ಲಿ ನೆಲದ ಬಳಿಯ ಗಾಳಿ ಮೇಲಿನ ಗಾಳಿಗಿಂತ ತಣ್ಣಗಿರುವುದರಿಂದ, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದತ್ತ ಇಳಿದು ದೂರದ ಮನೆಗಳಿಗೂ ಕೇಳಿಸುತ್ತದೆ.

ಕಾನೂನಿಗೆ ಕೊರತೆಯಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್; ಆ ವೇಳೆಯಲ್ಲಿ ತುರ್ತು ಸಂದರ್ಭದ ಹೊರತು ಅಲ್ಲಿ ಹಾರ್ನ್ ಹಾಕುವಂತೆಯೇ ಇಲ್ಲ. ಶಬ್ದದ ಮಾನದಂಡವನ್ನು ಮೀರಿದ ವಾಹನದ ಚಾಲಕನಿಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಬರಿಯ ಅಂದಾಜು, ಅದನ್ನು ನೆಚ್ಚಿಕೊಳ್ಳಬೇಡಿ. ಅದರ ಬದಲು ವಾಹನದ ಸಂಖ್ಯೆ, ದಿನಾಂಕ ಮತ್ತು ಸಮಯವನ್ನು ನಾಲ್ಕಾರು ವಾರ ಬರೆದಿಟ್ಟು, ನೆರೆಹೊರೆಯವರ ಸಹಿಯೊಡನೆ ಠಾಣೆಗೆ ಮನವಿ ಕೊಡಿ. ಆ ಗಳಿಗೆಯ ತೊಂದರೆಗೆ 112ಕ್ಕೆ ಕರೆಮಾಡಿ. ಸುತ್ತಲಿನ ಹೋಮ್‌ಸ್ಟೇಯವರನ್ನೂ ಕಂಡು ಮಾತನಾಡಿ: ಆ ಬೈಕುಗಳು ಕೊನೆಗೆ ಹೋಗಿ ನಿಲ್ಲುವುದು ಅವರ ಅಂಗಳದಲ್ಲೇ ಅಲ್ಲವೇ?