ಗಾಡಿ ಡಾಕ್ಟರ್: ಫೋರ್ ವೀಲ್ ತೆಗೆಸಿಬಿಡಲೇ?

ಪ್ರಶ್ನೆ: ತಂದೆಯವರ 1998ರ ಮಾರುತಿ ಜಿಪ್ಸಿಯನ್ನು ಮೂಡಿಗೆರೆ ಕಡೆಯ ತೋಟದಿಂದ ಹಾಸನದ ಮನೆಗೆ ತಂದಿದ್ದೇನೆ. ಪೆಟ್ರೋಲ್ ವಿಪರೀತ ಕುಡಿಯುತ್ತದೆ. ಹೊಸ ಟೈರ್‌ಗಳು ಆರೇ ತಿಂಗಳಿಗೆ ಸವೆದಿವೆ. ಡಾಂಬರು ರಸ್ತೆಯಲ್ಲಿ ಪೂರ್ತಿ ತಿರುಗಿಸಿದರೆ ಸ್ಟೀರಿಂಗ್ ಬಿಗಿಯುತ್ತದೆ, ಗಾಡಿ ಕುಂಟಿದಂತಾಗುತ್ತದೆ. ಪಕ್ಕದ ಸಣ್ಣ ಗೇರ್ ಅಲ್ಲಾಡುವುದೇ ಇಲ್ಲ. ಮುಂದಿನ ಹೌಸಿಂಗ್ (ಮುಂದಿನ ಚಕ್ರಗಳ ನಡುವಿನ ಗೇರುಗಳ ಕವಚ) ಒಳಗಿನದೆಲ್ಲ ತೆಗೆದು, ಹಿಂದಿನ ಎರಡೇ ಚಕ್ರ ಎಳೆಯುವಂತೆ ಟೂ ವೀಲ್ ಮಾಡಿಕೊಡುತ್ತೇನೆ ಎಂದು ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಮಾಡಿಸಲೇ?

ಉತ್ತರ: ಬೇಡ. ರೋಗವನ್ನು ನೀವೇ ಬರೆದು ಕಳಿಸಿ, ಔಷಧಿಯನ್ನು ಮಾತ್ರ ಬೇರೆ ಕೇಳುತ್ತಿದ್ದೀರಿ. ಜಿಪ್ಸಿ ಹುಟ್ಟಿನಿಂದಲೇ ಟೂ ವೀಲ್ ಗಾಡಿ, ಫೋರ್ ವೀಲ್ ಬೇಕೆಂದಾಗ ಮಾತ್ರ. ಸಣ್ಣ ಗೇರ್ 2ಎಚ್‌ನಲ್ಲಿದ್ದರೆ ಎಳೆಯುವುದು ಹಿಂದಿನ ಚಕ್ರಗಳು ಮಾತ್ರ. ನಿಮ್ಮದು 4ಎಚ್‌ನಲ್ಲಿ, ಅಂದರೆ ನಾಲ್ಕೂ ಚಕ್ರ ಎಳೆಯುವ ಸ್ಥಾನದಲ್ಲಿ, ಸಿಕ್ಕಿಕೊಂಡಿದೆ ಎಂಬುದೇ ನನ್ನ ಅನುಮಾನ.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. 4ಎಚ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಮತ್ತು ಹಿಂದಿನ ಎರಡೂ ಶಾಫ್ಟ್‌ಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಕೆಸರಿನಲ್ಲಾದರೆ ಚಕ್ರ ಚೂರು ಜಾರಿ ಲೆಕ್ಕ ಸರಿಯಾಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಜಾಗವಿಲ್ಲ. ಆ ಬಿಗಿತವೆಲ್ಲ ಶಾಫ್ಟು, ಜಾಯಿಂಟು, ಗೇರುಗಳಲ್ಲಿ ಹುರಿಗಟ್ಟಿಕೊಳ್ಳುತ್ತದೆ. ಟೈರ್ ಸವೆಯುವುದು, ಪೆಟ್ರೋಲ್ ಸುರಿಯುವುದು, ಗೇರ್ ಕಡ್ಡಿ ಕಚ್ಚಿಕೊಳ್ಳುವುದು ಎಲ್ಲಕ್ಕೂ ಅದೊಂದೇ ಕಾರಣ. ಸಕಲೇಶಪುರದಲ್ಲಿ ನಾನು ಗ್ಯಾರೇಜು ಹಾಕಿದ ಹೊಸದರಲ್ಲಿ ತೋಟದ ಡ್ರೈವರ್ ಒಬ್ಬ ಮಳೆಗಾಲಕ್ಕೆಂದು ಜೂನ್‌ನಲ್ಲಿ ಹಾಕಿದ ಫೋರ್ ವೀಲನ್ನು ಫೆಬ್ರವರಿಯವರೆಗೂ ತೆಗೆದಿರಲಿಲ್ಲ. ಧಣಿಗಳು ಟೈರ್ ಅಂಗಡಿಯವನನ್ನು ಬೈಯುತ್ತಿದ್ದರು!

ನೀವೇ ಪರೀಕ್ಷಿಸಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ದೊಡ್ಡ ಗೇರ್ ನ್ಯೂಟ್ರಲ್‌ನಲ್ಲಿರಲಿ. ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಿಂದ ಎತ್ತಿ ಕೈಯಿಂದ ತಿರುಗಿಸಿ. ಗಾಡಿಯಡಿಗೆ ಮಾತ್ರ ನುಗ್ಗಬೇಡಿ. ಸುತ್ತಿದರೆ ಫೋರ್ ವೀಲ್ ಬಿಟ್ಟಿದೆ, ಬಂಡೆಯಂತೆ ನಿಂತರೆ ಹಿಡಿದಿದೆ. ಮುಂದಿನ ಚಕ್ರಗಳ ನಡುವೆ ‘ಫ್ರೀ’, ‘ಲಾಕ್’ ಎಂದು ಬರೆದ ಗುಂಡನೆಯ ತಿರುಪು ಇದ್ದರೆ ಮೊದಲು ಅದಕ್ಕಂಟಿದ ಮಣ್ಣು ಕೆರೆದು ಎರಡೂ ಚಕ್ರದಲ್ಲಿ ‘ಲಾಕ್’ಗೆ ತಿರುಗಿಸಿಕೊಳ್ಳಿ. ಇಲ್ಲವಾದರೆ ಪರೀಕ್ಷೆ ಸುಳ್ಳಾಗುತ್ತದೆ.

ಹಿಡಿದಿದ್ದರೆ ಸುತ್ತಿಗೆ ಎತ್ತಬೇಡಿ. ಮಣ್ಣುರಸ್ತೆಗೆ ಒಯ್ದು, ಸ್ಟೀರಿಂಗ್ ನೆಟ್ಟಗಿಟ್ಟು, ಹತ್ತು ಮಾರು ರಿವರ್ಸ್ ಹೋಗಿ ನಿಲ್ಲಿಸಿ, ಕ್ಲಚ್ ಒತ್ತಿ ಸಣ್ಣ ಗೇರ್ ಎಳೆಯಿರಿ. ಹುರಿ ಬಿಚ್ಚಿಕೊಂಡರೆ ಬೆಣ್ಣೆಯಂತೆ ಬರುತ್ತದೆ. ಬಾರದಿದ್ದರೆ ಕಡ್ಡಿಯ ಬುಡ ತುಕ್ಕು ಹಿಡಿದಿರಬಹುದು, ಬಿಚ್ಚಿಸಿ ಗ್ರೀಸ್ ಹಾಕಿಸಿ.

ಇಷ್ಟಾದ ಮೇಲೂ ‘ನನಗೆ ಟೂ ವೀಲೇ ಬೇಕು’ ಎನ್ನುವುದಾದರೆ ಮುಂದಿನ ಚಕ್ರಗಳ ಕಡೆಗೆ ಸುತ್ತು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದನ್ನು ಬಿಚ್ಚಿಸಿದರೆ ಸಾಕು. ಎರಡೂ ತುದಿಯಲ್ಲಿ ತಲಾ ನಾಲ್ಕು ಬೋಲ್ಟ್. ಬಿಚ್ಚುವ ಮೊದಲು ಫ್ಲಾಂಜ್‌ಗಳ (ಬೋಲ್ಟ್ ಕೂರುವ ಬಿಲ್ಲೆಗಳ) ಮೇಲೆ ಬಿಳಿ ಬಣ್ಣದ ಗುರುತು ಹಾಕಿಸಿ, ತಿರುಗಿ ಅದೇ ಜೋಡಿಗೆ ಕೂರಿಸಬೇಕು. ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಿ, ಗುಜರಿಗೆ ಕೊಡಬೇಡಿ. ಲೀಟರಿಗೆ ಅರ್ಧ ಕಿಲೋಮೀಟರ್ ಹೆಚ್ಚು ಸಿಕ್ಕರೆ ನಿಮ್ಮ ಪುಣ್ಯ. ಆಮೇಲೆ 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್) ಮಾತ್ರ ಹಾಕಲೇಬೇಡಿ. ನಾಲ್ಕು ಚಕ್ರ ಹಂಚಿಕೊಳ್ಳಬೇಕಾದ ಬಲವೆಲ್ಲ ಹಿಂದಿನ ಆಕ್ಸೆಲ್ ಮೇಲೆ ಬಿದ್ದು ಅದು ಮುರಿಯುವ ಭಯವಿದೆ. ಹೌಸಿಂಗ್ ಒಳಗನ್ನೇ ಖಾಲಿ ಮಾಡಿಸುವುದು ಬೇರೆ ಕಥೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ. ಅಂಥ ಕೆಲಸಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ.

ಪ್ರಶ್ನೆ: ಸದಾ ನಾಲ್ಕೂ ಚಕ್ರ ಎಳೆಯುವ ಹಳೆಯ ಕಾರು ನನ್ನದು. ಮೈಲೇಜಿಗೆಂದು ಮುಂದಿನ ಶಾಫ್ಟ್ ಬಿಚ್ಚಿಸಿದೆ. ಈಗ ಎಂಜಿನ್ ಕೂಗುತ್ತದೆ, ಕಾರು ನಿಂತಲ್ಲೇ ನಿಂತಿದೆ. ಗೇರ್‌ಬಾಕ್ಸ್ ಹೋಯಿತೇ?

ಉತ್ತರ: ಹೋಗಿಲ್ಲ, ಗಾಬರಿ ಬೇಡ. ನಿಮ್ಮ ಕಾರಿನ ನಡುವೆ ಸೆಂಟರ್ ಡಿಫರೆನ್ಶಿಯಲ್ ಇದೆ, ಅಂದರೆ ಸುತ್ತನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರುಗಳ ಗುಂಪು. ಅದು ಸುಲಭವಾಗಿ ಸುತ್ತುವ ಕಡೆಗೇ ಸುತ್ತನ್ನೆಲ್ಲ ಕೊಟ್ಟುಬಿಡುತ್ತದೆ. ಈಗ ಶಾಫ್ಟ್ ಇಲ್ಲದ ಬೋಳು ಫ್ಲಾಂಜ್ ಗಿರಗಿರನೆ ತಿರುಗುತ್ತಿದೆ, ಹಿಂದಿನ ಚಕ್ರಗಳಿಗೆ ಏನೂ ತಲುಪುತ್ತಿಲ್ಲ. ಆ ಹಂಚಿಕೆಯನ್ನು ಕಟ್ಟಿಹಾಕುವ ಡಿಫ್ ಲಾಕ್ ಇದ್ದರೆ ಹಾಕಿ ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಿ. ಇಲ್ಲದಿದ್ದರೆ ಬಿಚ್ಚಿದವರನ್ನೇ ಶಾಫ್ಟ್ ಸಮೇತ ಮನೆಗೆ ಕರೆಸಿ. ಎರಡನೇ ಸಲದ ಕೂಲಿ ಕೊಡಬೇಡಿ.